ಟೀಶರ್ಟ್ ಬಟ್ಟೆಯಲ್ಲೇ ಡಿಸೈನ್ ಬೇಕಾ? ಮೊದಲು ಮಷಿನ್ ಯಾವುದು ಅಂತ ಕೇಳಿ

ಉಡುಪಿ, ಮಂಗಳೂರು ಕಡೆ ಟೀಶರ್ಟ್ ಆರ್ಡರ್‌ಗಳ ಗಡಿಬಿಡಿ ಶುರುವಾಗುವುದೇ ಅಷ್ಟಮಿಯ ಹೊತ್ತಿಗೆ. ಮೊದಲು ಮೊಸರು ಕುಡಿಕೆ ತಂಡ, ಆಮೇಲೆ ಹುಲಿವೇಷದವರು, ಆಮೇಲೆ ಕಂಬಳ, ಅದರ ನಡುವೆ ಕ್ರಿಕೆಟ್ ಟೂರ್ನಮೆಂಟ್. ಹೆಚ್ಚಿನವರು ರೆಡಿ ಟೀಶರ್ಟ್ ತರಿಸಿ ಪ್ರಿಂಟ್ ಹೊಡೆಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಹುಲಿಪಟ್ಟೆ ನೂಲಿನಲ್ಲೇ ಮೂಡಿರಬೇಕು ಅನ್ನುವ ಹಟ ಇದ್ದರೆ ತಿರುಪ್ಪೂರಿನ ಹೆಣಿಗೆ ಮಿಲ್‌ಗೆ ಹೋಗಬೇಕು. ಅಲ್ಲಿ ಮೊಬೈಲ್‌ನಲ್ಲಿರುವ ಚಿತ್ರ ತೋರಿಸಿದರೆ ಸಾಲುವುದಿಲ್ಲ. ಆ ಚಿತ್ರ ಬಟ್ಟೆಯಲ್ಲಿ ಬರುತ್ತದೋ ಇಲ್ಲವೋ ಅನ್ನುವುದು ಮಷಿನ್ ತನ್ನ ಸೂಜಿಗಳನ್ನು ಹೇಗೆ ಆರಿಸುತ್ತದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಸೂಜಿಯ ಆಟ ತಿಳಿಯಿರಿ

ಉಡುಪಿ ಸೀರೆಯಲ್ಲಿರುವಂತೆ ಹಾಸು, ಹೊಕ್ಕು ಇಲ್ಲಿಲ್ಲ. ಬರೀ ಕುಣಿಕೆಗಳು. ದುಂಡಗಿನ ಸಿಲಿಂಡರ್, ಅದರ ಮೈಸುತ್ತ ಗೀರುಗಳು, ಪ್ರತಿ ಗೀರಿನಲ್ಲೂ ಒಂದು ಸೂಜಿ. 30 ಇಂಚು ಡಯಾ (ವ್ಯಾಸ), 24 ಗೇಜ್ ಮಷಿನ್ ಅಂದರೆ ಸುತ್ತಳತೆಯ ಇಂಚಿಗೆ 24 ಸೂಜಿ, ಒಟ್ಟು ಸುಮಾರು 2260. ಸಿಲಿಂಡರ್ ತಿರುಗುತ್ತದೆ, ಸುತ್ತಲಿನ ಕ್ಯಾಮ್‌ಗಳು ಕದಲುವುದಿಲ್ಲ. ಸೂಜಿಗೆ ಬಟ್ ಅನ್ನುವ ಸಣ್ಣ ಚಾಚು ಇರುತ್ತದೆ. ಅದು ಕ್ಯಾಮ್‌ನ ಏರುತಗ್ಗಿನಲ್ಲಿ ಓಡುವಾಗ ಸೂಜಿ ಏರಿ ಇಳಿಯುತ್ತದೆ, ಜಾತ್ರೆಯ ಕುದುರೆ ತೊಟ್ಟಿಲಲ್ಲಿ ಕುದುರೆ ಸುತ್ತುತ್ತಾ ಏರಿಳಿಯುವ ಹಾಗೆ. ನೂಲು ಕೊಡುವ ಪ್ರತಿ ಜಾಗಕ್ಕೆ ಫೀಡರ್ ಅನ್ನುತ್ತಾರೆ. ಇಂಚು ಡಯಾಗೆ ಮೂರರಂತೆ 90 ಫೀಡರ್ ಇದ್ದರೆ, ಮಷಿನ್ ಒಂದು ಸುತ್ತು ಬರುವಷ್ಟರಲ್ಲಿ 90 ಸಾಲು ಹೆಣೆದಿರುತ್ತದೆ.

ಫೀಡರ್ ಹತ್ತಿರ ಸೂಜಿ ಮೂರರಲ್ಲಿ ಒಂದು ಕೆಲಸ ಮಾಡಬಹುದು. ಪೂರ್ತಿ ಏರಿದರೆ ಹಳೆ ಕುಣಿಕೆ ಬಿಟ್ಟು ಹೊಸದು ಮಾಡುತ್ತದೆ, ಅದು ನಿಟ್. ಅರ್ಧ ಏರಿದರೆ ಹಳೆ ಕುಣಿಕೆ ಹಾಗೇ ಉಳಿದು ಹೊಸ ನೂಲೂ ಜೊತೆಗೆ ಸಿಕ್ಕಿಕೊಳ್ಳುತ್ತದೆ, ಅದು ಟಕ್. ಏರಲೇ ಇಲ್ಲ ಅಂದರೆ ನೂಲು ಹಿಂದಿನಿಂದ ಸುಮ್ನೆ ಹಾದುಹೋಗುತ್ತದೆ, ಅದು ಮಿಸ್. ಎಂಥಾ ಡಿಸೈನ್ ಇದ್ದರೂ ಈ ಮೂರರ ಆಟವೇ. ಯಾವ ಸೂಜಿ, ಯಾವ ಫೀಡರ್‌ನಲ್ಲಿ, ಯಾವುದನ್ನು ಮಾಡಬೇಕು ಅಂತ ಹೇಳುವವರು ಯಾರು ಅನ್ನುವುದಷ್ಟೇ ಮಷಿನ್‌ನಿಂದ ಮಷಿನ್‌ಗೆ ಬದಲಾಗುತ್ತದೆ.

ಕ್ಯಾಮ್‌ನಲ್ಲೇ ಆಗುತ್ತದಾ ನೋಡಿ

ಅಗ್ಗದ ದಾರಿ ಇದು. ಸಾಮಾನ್ಯ ಸಿಂಗಲ್ ಜೆರ್ಸಿ (ಸಿಲಿಂಡರಿನಲ್ಲಷ್ಟೇ ಸೂಜಿ ಇರುವ) ಮಷಿನ್‌ನಲ್ಲಿ ನಾಲ್ಕು ಟ್ರ್ಯಾಕ್, ಅಂದರೆ ಬಟ್ ಓಡುವ ದಾರಿ, ಇರುತ್ತದೆ, ಸೂಜಿಯ ಬಟ್ ನಾಲ್ಕು ಎತ್ತರದಲ್ಲಿ ಸಿಗುತ್ತದೆ. ಪ್ರತಿ ಫೀಡರ್‌ನಲ್ಲೂ ಒಂದೊಂದು ಟ್ರ್ಯಾಕ್‌ಗೆ ನಿಟ್, ಟಕ್ ಅಥವಾ ಮಿಸ್ ಕ್ಯಾಮ್ ಹಾಕುತ್ತಾರೆ. ಕಾಲರ್ ಟೀಶರ್ಟಿನ ಗುಳಿ ಗುಳಿ ಪಿಕೆ ಬಟ್ಟೆ ಹೀಗೇ ಆಗುವುದು. ಅದರಲ್ಲೇ ಒಂದು ಬಗೆಯಾದ ಡಬಲ್ ಲಕೋಸ್ಟ್ ಬೇಕಾದರೆ ಸೂಜಿಗಳನ್ನು 1-2-1-2 (ಟ್ರ್ಯಾಕ್ ನಂಬರ್) ಅಂತ ಜೋಡಿಸಿ. ಮೊದಲ ಫೀಡರ್ ಎಲ್ಲ ನಿಟ್. ಎರಡು, ಮೂರರಲ್ಲಿ ಒಂದನೇ ಟ್ರ್ಯಾಕ್ ನಿಟ್, ಎರಡನೆಯದು ಟಕ್. ನಾಲ್ಕನೆಯದು ಮತ್ತೆ ಎಲ್ಲ ನಿಟ್. ಐದು, ಆರರಲ್ಲಿ ಅದಲುಬದಲು. ಆರು ಫೀಡರ್‌ಗೆ ಒಂದು ರಿಪೀಟ್, 90ರಲ್ಲಿ ಸರಿಯಾಗಿ 15 ಸಲ ಕೂರುತ್ತದೆ. ರಿಪೀಟ್ ನಾಲ್ಕು ಫೀಡರ್‌ನದ್ದಾದರೆ 90ಕ್ಕೆ ಹೊಂದುವುದಿಲ್ಲ, ಎರಡು ಫೀಡರ್ ಖಾಲಿ ಬಿಟ್ಟು 88ರಲ್ಲಿ ಓಡಿಸಬೇಕು. ಈ ಭಾಗಾಕಾರ ಮೊದಲೇ ಮಾಡಿಕೊಳ್ಳಿ.

ಸೂಜಿ ಜೋಡಣೆ 1-2-3-4-3-2 ಮಾಡಿದರೆ ಆರು ಸೂಜಿ ಅಗಲದ ಡಿಸೈನ್ ಸಿಗುತ್ತದೆ, ಆದರೆ ನಡತೆ ನಾಲ್ಕೇ ಬಗೆ. ಹುಲಿಪಟ್ಟೆ ಇದರಲ್ಲಿ ಆಗುವ ಮಾತಲ್ಲ.

ಬರೀ ಅಡ್ಡಪಟ್ಟೆ ಸಾಕು ಅಂದರೆ ಸೂಜಿ ಮುಟ್ಟಬೇಕಾಗಿಯೇ ಇಲ್ಲ. ಫೀಡರ್‌ಗಳಿಗೆ ಬೇರೆ ಬೇರೆ ಬಣ್ಣದ ನೂಲು ಕೊಟ್ಟರಾಯಿತು. ಇದು ಫೀಡರ್ ಸ್ಟ್ರೈಪ್. ಸೆಂಟಿಮೀಟರಿಗೆ 20 ಸಾಲು ಇದ್ದರೆ 90 ಸಾಲಿಗೆ ನಾಲ್ಕೂವರೆ ಸೆಂ.ಮೀ. ಅದಕ್ಕಿಂತ ಎತ್ತರದ ರಿಪೀಟ್ ಬೇಕಾದರೆ ನೂಲನ್ನು ತಾನೇ ಬದಲಾಯಿಸುವ ಆಟೋ ಸ್ಟ್ರೈಪರ್ ಇರುವ ಮಷಿನ್ ಕೇಳಿ. ಅದರ ದರ ಜಾಸ್ತಿ.

ಹಳೆ ಮಷಿನ್ ಸಿಕ್ಕರೆ

ಪ್ಯಾಟರ್ನ್ ವ್ಹೀಲ್ ಅನ್ನುವುದು ನನಗೆ ಬಹಳ ಇಷ್ಟವಾದ ಸಾಧನ. ಫೀಡರ್ ಪಕ್ಕದಲ್ಲಿ ಓರೆಯಾಗಿ ನಿಂತ ಸಣ್ಣ ಚಕ್ರ. ಅದರ ಗೀರುಗಳಿಗೆ ಸೂಜಿಯ ಬಟ್ ಹಲ್ಲಿನಂತೆ ಸಿಕ್ಕಿ, ಸಿಲಿಂಡರೇ ಚಕ್ರವನ್ನು ತಿರುಗಿಸುತ್ತದೆ. ಗೀರಿನಲ್ಲಿ ಲೋಹದ ತುಂಡು ಇಟ್ಟಿದ್ದರೆ ಸೂಜಿ ಏರುತ್ತದೆ, ಇಲ್ಲದಿದ್ದರೆ ಇಲ್ಲ. ಮಜಾ ಇರುವುದು ಲೆಕ್ಕದಲ್ಲಿ. 100 ಸೂಜಿ, 12 ಗೀರಿನ ಚಕ್ರ ಅಂದುಕೊಳ್ಳಿ. ಎಂಟು ಸುತ್ತಿಗೆ 96 ಆಯಿತು, ನಾಲ್ಕು ಸೂಜಿ ಉಳಿಯಿತು. ಹಾಗಾಗಿ ಮುಂದಿನ ಸಲ ಚಕ್ರ ನಾಲ್ಕು ಗೀರು ಮುಂದಿನಿಂದ ಶುರು ಮಾಡುತ್ತದೆ. ಮೂರು ಸುತ್ತು ಕಳೆದರೆ ಮೊದಲಿನ ಜಾಗಕ್ಕೆ ವಾಪಸ್. ಅಂದರೆ ನಾಲ್ಕು ಸೂಜಿ ಅಗಲ, ಮೂರು ಸುತ್ತು ಎತ್ತರದ ಡಿಸೈನ್. ಉಳಿಕೆ ಸೊನ್ನೆ ಆದರೆ ಸುತ್ತು ಸುತ್ತಿಗೂ ಅದೇ ಆಯ್ಕೆ, ಎತ್ತರ ಬೆಳೆಯುವುದೇ ಇಲ್ಲ.

ಮಿನಿ ಜಕಾರ್ಡ್ ಇನ್ನೊಂದು ಬಗೆ. ಇಲ್ಲಿ ಸೂಜಿಯ ಕೆಳಗೆ ಜಾಕ್ ಅನ್ನುವ ತಗಡು, ಅದರ ಬಟ್ ಎಷ್ಟೋ ಎತ್ತರಗಳಲ್ಲಿ ಒಂದರಲ್ಲಿ. 36 ಎತ್ತರ ಇದ್ದರೆ ನೇರ ಜೋಡಣೆಯಲ್ಲಿ 36 ಸೂಜಿ ಅಗಲ, ಏರಿ ಮತ್ತೆ ಇಳಿಯುವ ಕನ್ನಡಿ ಜೋಡಣೆಯಲ್ಲಿ ಸುಮಾರು ಎರಡರಷ್ಟು. ಎತ್ತರ ಮಾತ್ರ ಫೀಡರ್ ಎಣಿಕೆಗೆ ಕಟ್ಟುಬಿದ್ದದ್ದು. ಎರಡು ಬಣ್ಣಕ್ಕೆ ಒಂದು ಸಾಲಿಗೆ ಎರಡು ಫೀಡರ್ ಬೇಕು, 90ರಲ್ಲಿ 45 ಸಾಲು. ಮೂರು ಬಣ್ಣ ಅಂದರೆ 30ಕ್ಕೆ ಇಳಿಯಿತು. ಸಣ್ಣ ಹೂವು, ಚೌಕುಳಿಗೆ ಸಾಕು. ಹುಲಿಗೆ ಸಾಲದು.

ಹುಲಿಪಟ್ಟೆಗೆ ಎಲೆಕ್ಟ್ರಾನಿಕ್

1804ರಲ್ಲಿ ಫ್ರಾನ್ಸಿನ ಲಿಯೋನ್‌ನ ಜೋಸೆಫ್ ಮೇರಿ ಜಕಾರ್ಡ್ ಮಗ್ಗಕ್ಕೆ ತೂತಿನ ಕಾರ್ಡ್ ಹಾಕಿದ. ತೂತು ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಇವತ್ತಿನ ಮಷಿನ್‌ನಲ್ಲೂ ಅದೇ ಪ್ರಶ್ನೆ, ಕೇಳುವುದು ಮಾತ್ರ ಕಂಪ್ಯೂಟರ್. ಪ್ರತಿ ಫೀಡರ್‌ನಲ್ಲೂ ಕರೆಂಟ್ ಕೊಟ್ಟರೆ ಬಾಗುವ ಪೀಜೋ ಸೆರಾಮಿಕ್ ಪಟ್ಟಿಗಳಿರುತ್ತವೆ. ಅವು ಸಣ್ಣ ಬೆರಳುಗಳನ್ನು ಅಲ್ಲಾಡಿಸಿ ಒಂದೊಂದೇ ಸೂಜಿಯನ್ನು ಆರಿಸುತ್ತವೆ. ಯಾವ ಸೂಜಿ ಈಗ ಎದುರಿಗಿದೆ ಅಂತ ಎನ್‌ಕೋಡರ್ ಹೇಳುತ್ತದೆ. ಹಾಗಾಗಿ ಅಗಲ ಇಡೀ ಸಿಲಿಂಡರಿನಷ್ಟು, ಎತ್ತರ ಮೆಮೊರಿ ಇರುವಷ್ಟು. ನಿಟ್, ಮಿಸ್ ಎರಡೇ ಮಾಡುವ ಮಷಿನ್ ಇದೆ, ಟಕ್ ಸೇರಿ ಮೂರೂ ಮಾಡುವುದಿದೆ. ಇದನ್ನು ಮರೆಯದೆ ಕೇಳಿ, ಯಾಕೆಂದರೆ ಮುಂದಿನ ತಲೆನೋವಿಗೆ ಟಕ್ ಮದ್ದು.

ಆ ತಲೆನೋವು ಬಟ್ಟೆಯ ಹಿಂಬದಿಯಲ್ಲಿದೆ. ಕಪ್ಪು ಪಟ್ಟೆ 20 ಸೂಜಿ ಅಗಲ ಇದ್ದರೆ ಅಷ್ಟೂ ಉದ್ದಕ್ಕೆ ಹಳದಿ ನೂಲು ಹಿಂದೆ ತೇಲುತ್ತದೆ, ಹಾಕುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ಸೂಜಿಗಿಂತ ಉದ್ದ ಬಿಡಬೇಡಿ, ನಡುವೆ ಟಕ್ ಹಾಕಿ ಕಟ್ಟಿಸಿ. ಇಲ್ಲವೇ ಡಬಲ್ ಜೆರ್ಸಿ ಮಾಡಿಸಿ, ಅದರಲ್ಲಿ ಸಿಲಿಂಡರಿನ ಮೇಲಿನ ಡಯಲ್ ಅನ್ನುವ ತಟ್ಟೆಯಲ್ಲೂ ಸೂಜಿ ಇದ್ದು, ಅವು ಆ ನೂಲನ್ನು ಹಿಂದೆ ಹೆಣೆದುಬಿಡುತ್ತವೆ. ಬಟ್ಟೆ ದಪ್ಪ ಆಗುತ್ತದೆ ನಿಜ, ನಮ್ಮ ಸೆಕೆಗೆ ಅದು ಅಷ್ಟು ಹಿತ ಅಲ್ಲ. ಸಿಂಗಲ್ ಜೆರ್ಸಿಯೇ ವಾಸಿ ಅಂತ ನನ್ನ ಲೆಕ್ಕ.

ಚಿತ್ರ ಬರೆಯುವಾಗ ಕುಣಿಕೆ ಚೌಕ ಅಲ್ಲ ಅನ್ನುವುದು ನೆನಪಿರಲಿ. ಸೆಂಟಿಮೀಟರಿಗೆ ಅಡ್ಡಕ್ಕೆ 12, ಉದ್ದಕ್ಕೆ 16 ಕುಣಿಕೆ ಇದ್ದರೆ 48ಕ್ಕೆ 48 ಮನೆಯ ಚಿತ್ರ 4 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರ ಬರುತ್ತದೆ. ಹುಲಿಯ ಮುಖ ಚಪ್ಪಟೆ! ಸ್ಯಾಂಪಲ್ ತರಿಸಿ, ಒಗೆದು ಒಣಗಿಸಿದ ಮೇಲೆ ಎಣಿಸಿ, ಆ ಅಳತೆಗೆ ಗ್ರಾಫ್ ಮಾಡಿ.

ಬಂದ ಸ್ಯಾಂಪಲ್‌ನಲ್ಲಿ ತಪ್ಪು ಕಂಡರೆ ಎಲ್ಲಿದೆ ಅಂತ ನೀವೇ ಹೇಳಬಹುದು. ಒಂದೇ ಗೆರೆಯಲ್ಲಿ ಉದ್ದಕ್ಕೆ ಓಡಿದ್ದರೆ ಆ ಸೂಜಿ ಅಥವಾ ಅದರ ಜಾಕ್. ಅಡ್ಡಕ್ಕೆ, ಸರಿಯಾಗಿ ಮಷಿನ್‌ನ ಒಂದು ಸುತ್ತಿಗೊಮ್ಮೆ (90 ಫೀಡರ್, ಎರಡು ಬಣ್ಣ ಆದರೆ 45 ಸಾಲಿಗೊಮ್ಮೆ) ಬರುತ್ತಿದ್ದರೆ ಒಂದು ಫೀಡರಿನ ಕ್ಯಾಮ್ ಅಥವಾ ಆಯ್ಕೆಯ ಬೆರಳು. ಒಂದು ಸಾಲಿನಿಂದ ಮೇಲೆ ಡಿಸೈನ್ ಪೂರ್ತಿ ಪಕ್ಕಕ್ಕೆ ಜಾರಿದ್ದರೆ ಮೊದಲು ಎನ್‌ಕೋಡರ್ ನೋಡಲು ಹೇಳಿ.