ನಾಲಿಗೆಯ ಸಿಪ್ಪೆ ಕೆಡದಂತೆ ಲ್ಯಾಬ್ ಮುಟ್ಟಿಸುವುದು ಹೇಗೆ?

ಕಾಲುಬಾಯಿ ಬೇನೆ ಬಿದ್ದ ಎತ್ತಿನದು ಅಂತ ಜಮಖಂಡಿ ಕಡೆಯಿಂದ ಒಮ್ಮೆ ನನ್ನ ಕೈಗೆ ಸ್ಯಾಂಪಲ್ ಬಂತು, ನಾಲಿಗೆಯ ಬೊಕ್ಕೆ ಮೇಲಿನ ಸಿಪ್ಪೆ. ಮುಚ್ಚಳ ತೆಗೆದರೆ ಮಾಂಸ ಕೊಳೆಯದಂತೆ ಹಾಕುವ ಫಾರ್ಮಾಲಿನ್ ವಾಸನೆ! ವೈರಸ್ ದಾರಿಯಲ್ಲೇ ಸತ್ತಿತ್ತು. ಹೊಸ ಪಶುವೈದ್ಯರಿಗೂ, ಎತ್ತು ಹಿಡಿದು ನಿಲ್ಲುವ ರೈತರಿಗೂ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಎತ್ತನ್ನು ಬೇರೆ ಕಟ್ಟಿ. ಕಬ್ಬಿನ ಗಾಡಿಗೆ ಹೂಡಬೇಡಿ.

2. ಸಿಪ್ಪೆ ತೆಗೆಯುವುದು. ಎಲ್ಲರೂ ಎಡವುವುದು ಇಲ್ಲೇ. ಜೊಲ್ಲು ಕಂಡ ಕೂಡಲೇ ಮನೆಯವರು ಲಿಂಬೆರಸವೋ ಪಟಿಕದ ನೀರೋ ಹಾಕಿ ಬಾಯಿ ತಿಕ್ಕುತ್ತಾರೆ. ಸ್ವಲ್ಪ ತಡೆಯಿರಿ. ಈ ವೈರಸ್‌ಗೆ ಹುಳಿ ಆಗದು. ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 6ಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಬರೀ ತಣ್ಣೀರಲ್ಲಿ ತೊಳೆದು ನಾಲಿಗೆ ಹೊರಗೆಳೆಯಿರಿ. ಒಡೆಯದ ಬೊಕ್ಕೆ, ಇಲ್ಲವೇ ಈಗಷ್ಟೇ ಒಡೆದದ್ದು ಬೇಕು. ಬಿಳಿಚಿದ ಸಿಪ್ಪೆ ಅಂಚಿನಲ್ಲಿ ನೇತಾಡುತ್ತಿರುತ್ತದೆ. ಚಿಮಟದಿಂದ ಹಿಡಿದರೆ ಒದ್ದೆ ಕಾಗದದಂತೆ ಬಿಟ್ಟು ಬರುತ್ತದೆ, ಕೆಳಗೆ ಕೆಂಪು ಮಾಂಸ ಕಾಣುತ್ತದೆ. ಕನಿಷ್ಠ 1 ಗ್ರಾಂ ತೆಗೆಯಿರಿ. ಗೊರಸಿನ ಸಂದಿನದು ಸುಲಭ ಅಂತ ಹಲವರು ಅದಕ್ಕೇ ಕೈ ಹಾಕುತ್ತಾರೆ. ಅಲ್ಲಿ ಸಗಣಿ, ಕೀವು ಜಾಸ್ತಿ. ನನ್ನ ಕೇಳಿದರೆ ನಾಲಿಗೆಯದೇ ಆಗಬೇಕು.

3. ಸಿಪ್ಪೆ ಹಾಕಿಡುವ ದ್ರವ: ಅರ್ಧ ಗ್ಲಿಸರಾಲ್, ಅರ್ಧ ಫಾಸ್ಫೇಟ್ ಬಫರ್ (ಪಿಎಚ್ ಏರಿಳಿಯದಂತೆ ಹಿಡಿದಿಡುವ ದ್ರಾವಣ), ಪಿಎಚ್ 7.2ರಿಂದ 7.6. ಬಫರ್ ಇಲ್ಲ ಅಂತ ಸುಮ್ನೆ ನಲ್ಲಿ ನೀರು ಬೆರೆಸಬೇಡಿ. ಐಸ್ ಮೇಲಿಟ್ಟು ಕಳಿಸಿ. ಕೈ, ಬೂಟು ತೊಳೆಯಲು ಫಿನೈಲ್ ನಂಬಬೇಡಿ, ಈ ವೈರಸ್ ಮೇಲೆ ಅದರ ಆಟ ನಡೆಯದು. ಬೂಟಿಗೆ 4% ವಾಷಿಂಗ್ ಸೋಡಾ, ಕೈಗೆ ಸೋಪು ಸಾಕು.

4. ಲ್ಯಾಬಿನ ಕೆಲಸ. ಈ ವೈರಸ್‌ನಲ್ಲಿ 7 ಜಾತಿ. ನಮ್ಮ ಲಸಿಕೆಯಲ್ಲಿರುವುದು ಓ, ಎ, ಏಷ್ಯಾ-1. ಆದರೆ ಓ ಜಾತಿಯ ಎಲ್ಲವೂ ಒಂದೇ ತರ ಇರಲ್ಲ. ಜಾತ್ರೆಯಲ್ಲಿ ಖಿಲಾರಿ ಎತ್ತನ್ನು ಕೊಂಬು ನೋಡಿ ಗುರುತು ಹಿಡಿಯುತ್ತೇವೆ, ಅಲ್ವಾ? ಪ್ರತಿಕಾಯಗಳೂ (ರೋಗಾಣು ಹಿಡಿಯಲು ಮೈಯಲ್ಲಿ ಹುಟ್ಟುವ ಕಣಗಳು) ವೈರಸ್‌ನ ಮೈಮೇಲಿನ ಕೆಲವೇ ಜಾಗ ನೋಡಿ ಹಿಡಿಯುತ್ತವೆ. ಓ ಜಾತಿಯಲ್ಲಿ ಅಂಥ 5 ಜಾಗ ಗುರುತಾಗಿವೆ. ಹುಡುಕುವ ಉಪಾಯ ಹೀಗೆ: ಒಂದೇ ಬಗೆಯ ಪ್ರತಿಕಾಯದ ಜೊತೆ ವೈರಸ್ ಬೆಳೆಸುತ್ತಾರೆ. ತಪ್ಪಿಸಿಕೊಂಡು ಬದುಕಿದವುಗಳ ಜೀನ್ ಓದಿ, ಎಲ್ಲಿ ಬದಲಾಗಿದೆ ನೋಡುತ್ತಾರೆ. ಆ ಪ್ರತಿಕಾಯ ಹಿಡಿಯುತ್ತಿದ್ದ ಜಾಗ ಅದೇ.

ನಿಮ್ಮ ಸಿಪ್ಪೆಯ ವೈರಸ್‌ನಲ್ಲೂ ಆ ಜಾಗಗಳನ್ನು ನೋಡುತ್ತಾರೆ. ಲಸಿಕೆ ಹಾಕಿದ ದನದ ಸೀರಮ್ (ರಕ್ತದ ತಿಳಿ) ಆ ವೈರಸ್ ಅನ್ನು ಎಷ್ಟು ತಡೆಯುತ್ತದೆ ಅಂತಲೂ ಅಳೆಯುತ್ತಾರೆ. ಲಸಿಕೆಯಲ್ಲಿರುವ ವೈರಸ್ ಜೊತೆ ಇದರ ಹೋಲಿಕೆಯ ಅಂಕ 0.3ಕ್ಕಿಂತ ಕೆಳಗೇ ಬರುತ್ತಿದ್ದರೆ ಲಸಿಕೆಯ ತಳಿ ಬದಲಿಸುವ ಮಾತು ಏಳುತ್ತದೆ.

ಸ್ಯಾಂಪಲ್ ಜೊತೆಯ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಗ್ಲಿಸರಾಲ್ ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ. ಊರು, ದನದ ವಯಸ್ಸು, ಕೊನೆಯ ಲಸಿಕೆಯ ತಾರೀಖು. "ಯುಗಾದಿ ಸುಮಾರಿಗೆ" ಅಂತಲ್ಲ, ತಾರೀಖು.