ಮುತ್ತಜ್ಜನ ಕಾಗದಗಳು ಸಿಕ್ಕಿದ್ದು ಸಂಪಾದಕರ ಕಟ್ಟಿನಲ್ಲಿ

ಹಳ್ಳಿ ಶಾಲೆಯ ಮಾಸ್ತರರಾಗಿದ್ದ ನನ್ನ ಮುತ್ತಜ್ಜ ಬರೆದ ಕಾಗದಗಳನ್ನು ಹುಡುಕಲು ಹೊರಟಾಗ, ಅಂಥವರ ಕಾಗದವನ್ನು ನೂರು ವರ್ಷ ಯಾರು ಇಟ್ಟುಕೊಂಡಿರುತ್ತಾರೆ ಎಂದು ಬಂಧುಗಳು, ಸಂಶೋಧಕ ಮಿತ್ರರು ಎಲ್ಲರೂ ಕೇಳಿದರು. ಈಗ ಮೂವತ್ತಕ್ಕೂ ಹೆಚ್ಚು ಕಾಗದಗಳ ಪ್ರತಿ ನನ್ನ ಕೈಯಲ್ಲಿದೆ.

ಗ್ರಂಥಾಲಯಗಳ ಸೂಚಿಗಳಲ್ಲಿ ಮುತ್ತಜ್ಜನ ಹೆಸರು, ಇನಿಷಿಯಲ್, ಊರು ಹುಡುಕಿ ವರ್ಷವೇ ಕಳೆಯಿತು. ಹುಡುಕಿಕೊಡುತ್ತೇನೆಂದ ಒಬ್ಬರು ಐದು ಸಾವಿರ ತೆಗೆದುಕೊಂಡು ಬೇರೆ ಯಾರದೋ ಪತ್ರಗಳ ಜೆರಾಕ್ಸ್ ಕಳಿಸಿದರು. ಓಡಾಟ, ಲಾಡ್ಜು, ಪ್ರತಿಗಳು ಸೇರಿ ಒಟ್ಟು ಹದಿನೆಂಟು ಸಾವಿರದಷ್ಟು ಖರ್ಚು.

ಆಮೇಲೆ ದಾರಿ ಬದಲಿಸಿದೆ. ಬರೆದವರನ್ನು ಬಿಟ್ಟು ಪಡೆದವರ ಬೆನ್ನು ಹತ್ತಿದೆ. 1919ರ ‘ಪ್ರಬುದ್ಧ ಕರ್ನಾಟಕ’, 1922ರ ‘ಜಯಕರ್ನಾಟಕ’ದಿಂದ ಹಿಡಿದು ಆ ಕಾಲದ ಪತ್ರಿಕೆಗಳ ಸಂಪುಟ ತಿರುವಿ, ಮುತ್ತಜ್ಜನ ಅಂಕಿತ ಕಂಡಲ್ಲೆಲ್ಲ ಸಂಪಾದಕರ ಹೆಸರು ಬರೆದಿಟ್ಟೆ. ಅವರಲ್ಲೊಬ್ಬರ ಮನೆಯವರು ಗ್ರಂಥಾಲಯಕ್ಕೆ ಕೊಟ್ಟಿದ್ದ ಕಾಗದಪತ್ರಗಳಲ್ಲಿ ‘ಇತರೆ’ ಎಂಬ ಚೀಟಿಯ ಕಟ್ಟಿತ್ತು. ಅದನ್ನು ಬಿಚ್ಚಿಸಿದ ಬಗೆಯನ್ನು ಇಲ್ಲಿ ಹೇಳುವುದಿಲ್ಲ. ಇನ್ನೆರಡು ಕಡೆ ಅದೇ ಉಪಾಯದಿಂದ ಕೆಲಸ ಆಗಬೇಕಿದೆ.

ಕಾಗದಗಳ ತುಂಬ ಪ್ರಾಸದ ಜಗಳ, ಅಂದರೆ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಹಳೆಯ ನಿಯಮದ್ದು. ಕವಿ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟಿದ್ದರು. ನಮ್ಮ ಮುತ್ತಜ್ಜ 1929ರಲ್ಲೂ ಎರಡನೆಯ ಅಕ್ಷರಕ್ಕಾಗಿ ಹೋರಾಡುತ್ತಿದ್ದಾರೆ! ಆದರೆ ಕಟ್ಟಿನಲ್ಲಿ ಈ ಜಗಳದ ಕಾಗದಗಳಿಗೂ ಮೊದಲೇ ಪ್ರಾಸವಿಲ್ಲದ ಪದ್ಯದ ಜೊತೆ ಒಂದು ಕಾಗದ. ತಲೆಬುಡ ತಿಳಿಯಲಿಲ್ಲ. ಅದರ ಮೇಲಿದ್ದದ್ದು ‘ಶುಕ್ಲ ಸಂವತ್ಸರ, ಪುಷ್ಯ ಬಹುಳ 5’ ಎಂದಷ್ಟೇ. ಜೋಡಿಸಿದವರು ಶುಕ್ಲವೆಂದರೆ 1929 ಎಂದು ವರ್ಷದ ಮೊದಲಿಗೇ ಇಟ್ಟಿದ್ದರು. ಸಂವತ್ಸರ ಯುಗಾದಿಗೆ ಶುರು, ಪುಷ್ಯ ಬರುವ ಹೊತ್ತಿಗೆ 1930ರ ಜನವರಿ. ಜಾಗ ಬದಲಿಸಿದ ಕೂಡಲೇ ಜಗಳ, ಅನುಮಾನ, ಒಪ್ಪಿಗೆ ಸರಿಯಾಗಿ ಸಾಲುಗೂಡಿದವು. ನನ್ನ ಮುತ್ತಜ್ಜ ವಾದದಲ್ಲಿ ಸೋತು ಹೊಸ ಪದ್ಯ ಬರೆದಿದ್ದಾರೆ. ಇದಕ್ಕಿಂತ ಹೆಮ್ಮೆಯ ವಿಷಯ ನಮ್ಮ ಮನೆಯಲ್ಲಿ ಬೇರೊಂದಿಲ್ಲ.

ತಾರೀಖೇ ಇಲ್ಲದ ಕಾರ್ಡುಗಳಿಗೆ ಅಂಚೆದರ ನೋಡಿದೆ. ಕಾಲಾಣೆಯ ಕಾರ್ಡು 1922ರಲ್ಲಿ ಅರ್ಧಾಣೆ ಆಯಿತಲ್ಲ, ಅದೇ ಗೆರೆ: ಕಾಲಾಣೆಯವು ಅದಕ್ಕೆ ಮೊದಲಿನವು, ಅರ್ಧಾಣೆಯವು ಆಮೇಲಿನವು. ಮಾಸಿ ಕಂದಾದ ಶಾಯಿಗೆ ಓರೆ ಬೆಳಕಿನ ಟಾರ್ಚ್ ಹಿಡಿದದ್ದು ದಂಡ. ಮೊಬೈಲ್ ಫೋಟೋದ ಕೆಂಪು, ಹಸಿರು, ನೀಲಿ ಬಣ್ಣಗಳ ಪದರಗಳಲ್ಲಿ (ಚಾನೆಲ್) ನೀಲಿಯದನ್ನು ಮಾತ್ರ ಬೇರ್ಪಡಿಸಿದಾಗ ಅರ್ಧಕ್ಕರ್ಧ ಸಾಲುಗಳು ಎದ್ದು ಬಂದವು.

ಸಂಪಾದಕರು ಬರೆದ ಉತ್ತರಗಳು ಇನ್ನೂ ಸಿಗಬೇಕು. ಅವು ಇದ್ದರೆ ಮುತ್ತಜ್ಜನ ತಮ್ಮನ ಮನೆತನದವರ ಅಟ್ಟದಲ್ಲಿರಬೇಕು, ಮಾತುಕತೆ ನಡೆದಿದೆ.