ಕಿಚನ್ ಗೆರೆ ಕಲಿಸಿದ ಆಟ

ಬ್ಯಾಡ್ಮಿಂಟನ್ ಆಡಿಕೊಂಡು ಹಾಯಾಗಿದ್ದವನು ನಾನು. ಪಕ್ಕದ ಕೋರ್ಟಿನಿಂದ ಟಕ್ ಟಕ್ ಅಂತ ಪಿಕಲ್‌ಬಾಲ್‌ನ ಪ್ಲಾಸ್ಟಿಕ್ ಚೆಂಡಿನ ಸದ್ದು ಬರಲು ಶುರುವಾದಾಗ 'ಇದೇನು ಮಕ್ಕಳಾಟ' ಅಂತ ನಕ್ಕಿದ್ದೆ. ಆರೇ ತಿಂಗಳಲ್ಲಿ ನಮ್ಮ ಗುಂಪಿನ ಅರ್ಧ ಜನ ಆ ಕಡೆ ಹೋದರು. ಜೊತೆ ಸಿಗದೆ ನಾನೂ ಹೋದೆ.

ಕೋರ್ಟಿಗೆ ಜಾಸ್ತಿ ಕಷ್ಟಪಡಲಿಲ್ಲ. 44 ಅಡಿ ಉದ್ದ, 20 ಅಡಿ ಅಗಲ, ಅಂದರೆ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಪಿಕಲ್‌ಬಾಲ್ ಹುಟ್ಟಿದ್ದೂ ಬ್ಯಾಡ್ಮಿಂಟನ್ ಕೋರ್ಟಿನಲ್ಲೇ. ನೆಟ್ ಇಳಿಸಿದೆವು: ಅಂಚಿನಲ್ಲಿ 36 ಇಂಚು, ನಡುವೆ 34. ಎಡವಿದ್ದು ಗೆರೆಯಲ್ಲಿ. ನೆಟ್ ಪಕ್ಕದ 'ಕಿಚನ್' 7 ಅಡಿ ಇರಬೇಕು. ಬ್ಯಾಡ್ಮಿಂಟನ್‌ನ ಶಾರ್ಟ್ ಸರ್ವಿಸ್ ಗೆರೆ ಇರುವುದು ಆರೂವರೆ ಅಡಿಗೆ. ಅದನ್ನೇ ಕಿಚನ್ ಅಂದುಕೊಂಡು ಒಂದು ವಾರ ಆಡಿದೆವು. ಬೇರೆ ಕೋರ್ಟಿಗೆ ಹೋದಾಗ ಹೆಜ್ಜೆ ಹೆಜ್ಜೆಗೂ ಫಾಲ್ಟ್! ಆಮೇಲೆ ಅರ್ಧ ಅಡಿ ಹಿಂದೆ ಟೇಪ್ ಅಂಟಿಸಿದೆವು.

ಕಿಚನ್ ಒಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವ ಹಾಗಿಲ್ಲ. ಪುಟಿದ ಮೇಲೆ ಹೊಡೆಯಬಹುದು. ಹೊರಗೆ ನಿಂತು ಗಾಳಿಯಲ್ಲೇ ಹೊಡೆದ ರಭಸಕ್ಕೆ ಕಾಲು ಒಳಗೆ ಹೋದರೂ ಫಾಲ್ಟೇ. ನನ್ನ ಸ್ಮ್ಯಾಷ್‌ಗೆ ಇದೇ ಕುತ್ತಾಯಿತು.

ಮೊದಲ ವಾರವೇ ನಮ್ಮಮ್ಮನ ವಯಸ್ಸಿನ ಒಬ್ಬರ ಎದುರು ನಿಂತೆ. ನಾನು ಬಲವಾಗಿ ಬಾರಿಸಿದಷ್ಟೂ ಅವರು ಪ್ಯಾಡಲ್ (ಈ ಆಟದ ಬ್ಯಾಟು) ಸುಮ್ನೆ ಅಡ್ಡ ಹಿಡಿದು ಚೆಂಡನ್ನು ನನ್ನ ಕಾಲ ಬುಡಕ್ಕೆ ಇಳಿಸುತ್ತಿದ್ದರು. 11-2ರಲ್ಲಿ ಸೋತೆ. 'ಚೆಂಡಿನ ಮೇಲೆ ಯಾಕಪ್ಪಾ ಅಷ್ಟು ಸಿಟ್ಟು?' ಅಂದರು.

ಅವರ ಹತ್ತಿರವೇ ಡಿಂಕ್ ಅನ್ನುವ ಮೆದು ಹೊಡೆತ ಕಲಿತೆ. ಹಿಡಿತ ಸಡಿಲ ಮಾಡಬೇಕು, ಮಣಿಕಟ್ಟು ಆಡಿಸಬಾರದು, ಭುಜದಿಂದ ಮೆಲ್ಲಗೆ ತಳ್ಳಬೇಕು. ಚೆಂಡು ನೆಟ್ ದಾಟಿ ಎದುರಿನ ಕಿಚನ್‌ನಲ್ಲೇ ಬೀಳಬೇಕು. ಬ್ಯಾಡ್ಮಿಂಟನ್ ಕೈಗೆ ಇದು ಸುಲಭಕ್ಕೆ ಬರಲ್ಲ. ಆಟಕ್ಕೆ ಮುಂಚೆ ದಿನಾ ಹದಿನೈದು ನಿಮಿಷ ಇದನ್ನೇ ಮಾಡಿದೆ. ಒಂದು ತಿಂಗಳ ಮೇಲೆ ಕೈ ಮಾತು ಕೇಳಿತು.

ಜನ ಯಾಕೆ ಮುಗಿಬೀಳುತ್ತಿದ್ದಾರೆ ಅಂತ ಈಗ ಗೊತ್ತಾಗಿದೆ. ಸರ್ವ್ ಕೆಳಗಿನಿಂದ ಮೇಲಕ್ಕೆ, ಅದನ್ನೂ ಅದರ ರಿಟರ್ನನ್ನೂ ನೆಲಕ್ಕೆ ಪುಟಿದ ಮೇಲೇ ಹೊಡೆಯಬೇಕು. ಹಾಗಾಗಿ ಒಂದೇ ಏಟಿಗೆ ಪಾಯಿಂಟ್ ಮುಗಿಯುವುದು ಕಮ್ಮಿ. ಹೊಸಬರಿಗೂ ಮೊದಲ ದಿನವೇ ನಾಲ್ಕು ಹೊಡೆತ ಸಿಗುತ್ತದೆ, ಅಲ್ವಾ?

ಈಗ ಪ್ಯಾಡಲ್ ಸಾಲಿನಲ್ಲಿಟ್ಟು ಸರದಿಗೆ ಕಾಯಬೇಕು. ನಿನ್ನೆ ನನ್ನದು ಏಳನೆಯದು, ನನಗೆ ಡಿಂಕ್ ಕಲಿಸಿದವರದು ಎಂಟನೆಯದು. ಒಂದೇ ಕಡೆ ಆಡೋಣ ಅಂತ ನಾನೇ ಮೊದಲು ಕೇಳಿಕೊಂಡೆ.